ಐಹೊಳೆಯ ‘ಮಠ’ಗಳು: ವಾಸದ ಕುರುಹು ಮತ್ತು ಊರಿನ ನೆನಪು

ಮಧ್ಯಕಾಲೀನ ಕರ್ನಾಟಕದ ಮಠವು ಪೂಜೆಯ ಸ್ಥಳ ಮಾತ್ರವಾಗಿರಲಿಲ್ಲ. ತಪೋಧನರ ವಸತಿ, ವಿದ್ಯಾರ್ಥಿಗಳ ಊಟ, ಬಂದವರ ಆಶ್ರಯ, ದವಸದ ಸಂಗ್ರಹ ಇವೆಲ್ಲವೂ ಅದರೊಳಗೆ ಸೇರಿದ್ದವು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ವೇದಶಾಸ್ತ್ರಗಳ ಅಧ್ಯಯನದೊಂದಿಗೆ ದೀನಾನಾಥರ ಅನ್ನದಾನವನ್ನೂ ರೋಗಿಗಳ ಚಿಕಿತ್ಸೆಯನ್ನೂ ಹೇಳುತ್ತದೆ. ಇಂದು ಅಲ್ಲಿ ಎದ್ದು ಕಾಣುವುದು ಕೇದಾರೇಶ್ವರ ದೇವಾಲಯ. ದೇವರ ಮನೆ ಕಲ್ಲಿನದಾಗಿ ಉಳಿಯಿತು. ಅಡಿಗೆಮನೆ, ಪಡಸಾಲೆಗಳು ಬಹುಮಟ್ಟಿಗೆ ಮಣ್ಣು ಮರಗಳವಾಗಿದ್ದು ಅಳಿದಿರಬೇಕು.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಈ ಸಮಸ್ಯೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಇಲ್ಲಿ ‘ಮಠ’ ಎಂಬ ಹೆಸರುಗಳಿವೆ. ಆ ಹೆಸರಿನ ಕಟ್ಟಡಗಳು ಮಠಗಳಲ್ಲ. ಚರಂತಿಮಠವೆಂದು ಕರೆಯಲಾಗುವ ಗುಂಪು 12ನೆಯ ಶತಮಾನದ ಜೈನ ಬಸದಿಗಳದು. ಅದರ ಹೆಸರು ಮಾತ್ರ ವೀರಶೈವ ಜಂಗಮ ಪರಂಪರೆಯದು. ಹುಚ್ಚಪ್ಪಯ್ಯನ ಮಠವೂ ವಿನ್ಯಾಸದಲ್ಲಿ ದೇವಾಲಯವೇ. ಲಾಡಖಾನನ ಗುಡಿಗೆ ಹೆಸರು ಬಂದುದು ಅಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ. ದುರ್ಗದ ಗುಡಿಯ ಹೆಸರು ದೇವಿಯದಲ್ಲ, ಕೋಟೆಯದು. ಜನರು ಕಟ್ಟಡವನ್ನು ಗುರುತಿಸಿದುದು ಅದರ ಮೂಲದೇವತೆಯಿಂದಲ್ಲ, ನಂತರದ ಬಳಕೆಯಿಂದ ಎಂಬುದು ಇಲ್ಲಿ ಗಮನಾರ್ಹ.

ಹೆನ್ರಿ ಕಸಿನ್ಸ್ ಅವರ 1926ರ ಗ್ರಂಥವೂ ನಂತರದ ವಾಸ್ತುಚರಿತ್ರೆಯೂ ಈ ಕಟ್ಟಡಗಳನ್ನು ತಲವಿನ್ಯಾಸ, ಶಿಖರ, ಕಾಲಮಾನಗಳ ಕ್ರಮದಲ್ಲಿ ಅಧ್ಯಯನ ಮಾಡಿವೆ. ಅದರ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ಆ ಕ್ರಮದಲ್ಲಿ ಊರಿನ ಹೆಸರು ಕೇವಲ ಗುರುತುಪಟ್ಟಿಯಾಯಿತು; ವಾಸಕ್ಕಾಗಿ ನಂತರ ಸೇರಿಸಿದ ಗೋಡೆ, ಒಲೆ, ಗೂಡುಗಳು ಮೂಲರಚನೆಗೆ ಅಂಟಿದ ಕಲ್ಮಶವೆನಿಸಿದವು. ಜಾನಪದ ಅಧ್ಯಯನವು ಇವನ್ನೂ ಆಕರವೆಂದೇ ಪರಿಗಣಿಸಬೇಕಾಗುತ್ತದೆ. ಹಾಗೆಂದು ಹೆಸರಿನ ಮೇಲೆ ಅತಿಭಾರ ಹೇರುವುದೂ ಸಲ್ಲದು. ಚರಂತಿಮಠವೆಂಬ ಹೆಸರು 12ನೆಯ ಶತಮಾನದ ಜೈನ ಮುನಿಗಳ ವಸತಿಗೆ ಸಾಕ್ಷಿಯಲ್ಲ. ಬಸದಿಯ ಮೂಲಬಳಕೆ ನಿಂತ ನಂತರದ ಬದುಕಿಗೆ ಅದು ಸಾಕ್ಷಿ.

ಮೇಗುಟಿ ಬೆಟ್ಟದ ಇಳಿಜಾರಿನಲ್ಲಿರುವ ಎರಡು ಅಂತಸ್ತಿನ ಬೌದ್ಧ ಕಟ್ಟಡವು ಭಾಗಶಃ ಬಂಡೆಯಲ್ಲೇ ಕೊರೆದುದಾದ್ದರಿಂದ ಉಳಿದಿದೆ. ಅದನ್ನೂ ಕೆಲವರು ಚೈತ್ಯವೆಂದರೆ ಕೆಲವರು ವಿಹಾರವೆನ್ನುತ್ತಾರೆ. ಕಲ್ಲೊಂದೇ ವಾಸದ ಕಥೆಯನ್ನು ಪೂರ್ಣವಾಗಿ ಹೇಳಲಾರದು ಎಂಬುದಕ್ಕೆ ಇದು ನಿದರ್ಶನ.

ಇದೇ ಸೀಮೆಯ ಇಳಕಲ್ಲಿನ ಮಹಾಂತೇಶ್ವರ ಮಠದಂತಹ ಜೀವಂತ ಮಠಗಳು ಇಲ್ಲಿ ನೆರವಿಗೆ ಬರುತ್ತವೆ. ಅಂತಹ ಮಠಗಳಲ್ಲಿ ಗದ್ದುಗೆಯಷ್ಟೇ ದಾಸೋಹವೂ ಮುಖ್ಯ. ಆ ತಿಳಿವಳಿಕೆಯಿಂದ ನೋಡಿದಾಗ ಐಹೊಳೆಯ ಗುಡಿಗಳಷ್ಟೇ ಅಲ್ಲ, ಅವುಗಳ ಸುತ್ತಲಿನ ಬಾವಿ, ಹಗೇವು, ಹಿತ್ತಿಲುಗಳೂ ಅಧ್ಯಯನದ ವಸ್ತುವಾಗುತ್ತವೆ.

ಸ್ಮಾರಕಗಳ ನಡುವಿನ ಮನೆಗಳನ್ನು ಸ್ಥಳಾಂತರಿಸುವ ವಿಚಾರ ಐಹೊಳೆಯಲ್ಲಿ ದೀರ್ಘಕಾಲದಿಂದ ಚರ್ಚೆಯಲ್ಲಿದೆ. ಮನೆತನಗಳು ಜಾಗ ಬಿಟ್ಟರೆ ಓಣಿ, ಬಾವಿ, ಹಿತ್ತಿಲುಗಳ ಹೆಸರುಗಳೂ ಅವುಗಳ ಹಿಂದಿನ ನೆನಪೂ ಚದುರುತ್ತವೆ. ಸಂರಕ್ಷಣೆ ಅಗತ್ಯವೇ. ಆದರೆ ಹೆಸರುಗಳ ಹಾಗೂ ಬಳಕೆಯ ದಾಖಲಾತಿ ಅದಕ್ಕೂ ಮೊದಲು ನಡೆಯಬೇಕು. ತೆರವಾದ ನೆಲದಲ್ಲಿ ಆ ಕೆಲಸ ಸಾಧ್ಯವಾಗದು.