ಇಟಿಎಫ್‌ಗೂ ಬೇಕು ಕಾಟಾ ಚೀಟಿ

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳಿಗೆ ತಡೆ ಹಾಕಿದ ಮೇಲೆ ಸಂಡೂರು ಸೀಮೆಯ ಅದಿರು ಇ-ಹರಾಜಿಗೆ ಬಂತು. ನೇರ ಮಾರಾಟಕ್ಕೆ ಮತ್ತೆ ಅನುಮತಿ ಸಿಕ್ಕಿದ್ದು 2022ರಲ್ಲಿ. ಪರದೆಯ ಮೇಲೆ ಅದಿರು ಕೊಳ್ಳುವವರು ಲಾಟ್‌ನಲ್ಲಿ ಕಬ್ಬಿಣದ ಅಂಶ ಶೇಕಡಾ ಎಷ್ಟು, ಲಂಪ್ಸೋ ಫೈನ್ಸೋ, ಎಷ್ಟು ಟನ್ ಎಂದು ನೋಡುತ್ತಾರೆ. ಲಾರಿ ಗಣಿ ಬಿಟ್ಟಾಗ ತೂಕದ ಕಾಟಾ ಚೀಟಿ ಕೈಯಲ್ಲಿರಲೇಬೇಕು. ಹೋದ ವರ್ಷ ಅದಿರಿಗೆ ಒಳ್ಳೇ ರೇಟಿತ್ತು ಎಂಬ ಮಾತು ಅಲ್ಲಿ ತೂಕಕ್ಕೆ ಬರುವುದಿಲ್ಲ. ತೋರಣಗಲ್ಲು, ವಡ್ಡು, ಕುರೆಕುಪ್ಪದಲ್ಲಿ ಪಾಳಿ ಮುಗಿಸಿ ಬಂದು ಮೊಬೈಲ್‌ನಲ್ಲಿ ಇಟಿಎಫ್ (ಷೇರಿನಂತೆ ಪೇಟೆಯಲ್ಲಿ ಕೊಂಡು ಮಾರುವ ಫಂಡ್) ಹುಡುಕುವವರಿಗೂ ಇದೇ ಕ್ರಮ ಬೇಕು ಎಂಬುದು ನನ್ನ ವಾದ. ಯಾವ ಜಾಲತಾಣ ಚೆಂದ, ಯಾವ ಆ್ಯಪ್ ಸಲೀಸು ಎಂದು ಕೇಳುವ ಮೊದಲು, ಈ ಗಳಿಗೆಯಲ್ಲಿ ಕೊಡುತ್ತಿರುವ ಬೆಲೆಗೂ ಸಿಗುತ್ತಿರುವ ಸರಕಿಗೂ ಹೊಂದಿಕೆ ಇದೆಯೇ ಎಂದು ಯಾವುದು ತೋರಿಸುತ್ತದೆ ಎಂದು ಕೇಳಬೇಕು.

ಹೆಚ್ಚಿನ ಹೋಲಿಕೆಯ ಪುಟಗಳು ಮೊದಲು ಮುಂದಿಡುವುದು ಹಿಂದಿನ ಗಳಿಕೆಯನ್ನು. ಷೇರಿಗೋ, ಮ್ಯಾನೇಜರ್ ಆಯ್ದು ನಡೆಸುವ ಫಂಡಿಗೋ ಅದರಿಂದ ಅಷ್ಟೋ ಇಷ್ಟೋ ಸುಳಿವು ಸಿಕ್ಕೀತು. ಇಟಿಎಫ್ ಮಟ್ಟಿಗೆ ಅದು ಬಹುಮಟ್ಟಿಗೆ ನಿರುಪಯೋಗಿ. ದೇಶದ ಮೊದಲ ಇಟಿಎಫ್ ಆದ ನಿಫ್ಟಿ ಬೀಸ್ 2002ರ ಜನವರಿಯಲ್ಲಿ ಪೇಟೆಗೆ ಬಂತು. ಇವತ್ತು ನಿಫ್ಟಿ 50ರ ಮೇಲೆ ಹಲವು ಫಂಡ್ ಹೌಸ್‌ಗಳ ಇಟಿಎಫ್‌ಗಳಿವೆ, ಎಲ್ಲವುಗಳ ಹೊಟ್ಟೆಯಲ್ಲೂ ಇರುವುದು ಅದೇ 50 ಷೇರು. ಗಳಿಕೆಯಲ್ಲಿ ಕಾಣುವ ವ್ಯತ್ಯಾಸ ಜಾಣತನದ್ದಲ್ಲ, ಸೂಚ್ಯಂಕವನ್ನು ಹಿಂಬಾಲಿಸುವಲ್ಲಿ ಆದ ಸೋರಿಕೆಯದು. ಆ ಸೋರಿಕೆಗೆ ಟ್ರ್ಯಾಕಿಂಗ್ ಡಿಫರೆನ್ಸ್ ಎಂದು ಹೆಸರು. ಅದು ದಿನದಿನಕ್ಕೆ ಎಷ್ಟು ತೊಯ್ದಾಡುತ್ತದೆ ಎಂಬುದರ ಅಳತೆ ಟ್ರ್ಯಾಕಿಂಗ್ ಎರರ್. ಎರಡನ್ನೂ ಪ್ರಕಟಿಸಬೇಕೆಂದು ಷೇರು ಪೇಟೆಯ ನಿಯಂತ್ರಕ ಸೆಬಿ 2022ರಲ್ಲಿ ಕಡ್ಡಾಯ ಮಾಡಿತು. ಈ ಅಂಕಿಗಳು ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯ ತಾಣದಲ್ಲೂ ಫಂಡ್ ಹೌಸ್‌ಗಳ ತಾಣದಲ್ಲೂ ಸಿಗುತ್ತವೆ. ಹೋಲಿಸುವಾಗ ಡಿವಿಡೆಂಡ್ ಸೇರಿಸಿದ ಸೂಚ್ಯಂಕದ ಜೊತೆಗೇ ಹೋಲಿಸಬೇಕು. ಡಿವಿಡೆಂಡ್ ಬಿಟ್ಟ ಸೂಚ್ಯಂಕ ಮುಂದಿಟ್ಟರೆ ಸೋರುವ ಪಾತ್ರೆಯೂ ತುಂಬಿದಂತೆ ಕಾಣುತ್ತದೆ. ವ್ಯಾಲ್ಯೂ ರಿಸರ್ಚ್, ಟಿಕರ್‌ಟೇಪ್‌ನಂಥ ತಾಣಗಳನ್ನು ನಾನು ಬೇಡ ಎನ್ನುವುದಿಲ್ಲ. ಉದ್ದದ ಪಟ್ಟಿಯನ್ನು ಐದಾರಕ್ಕೆ ಇಳಿಸಲು ಅವು ಬಹಳ ಒಳ್ಳೆಯವು. ಕೊನೆಯ ಮಾತನ್ನು ಮಾತ್ರ ಅಂಕಿ ಹುಟ್ಟುವ ಜಾಗದಲ್ಲೇ ಕೇಳಬೇಕು.

ಫಂಡಿನ ಗಾತ್ರ ನೋಡಿ ಆರಿಸುವುದು ಇನ್ನೊಂದು ರೂಢಿ. ಇದೂ ದಾರಿ ತಪ್ಪಿಸುತ್ತದೆ. ಪಿಎಫ್ ಸಂಸ್ಥೆ 2015ರ ಆಗಸ್ಟ್‌ನಿಂದ ಹೊಸ ಜಮೆಯ ಒಂದು ಪಾಲನ್ನು ಇಟಿಎಫ್‌ಗಳಲ್ಲಿ ತೊಡಗಿಸುತ್ತಿದೆ. ಡಿಮ್ಯಾಟ್ ಖಾತೆಯ ಹೆಸರೇ ಕೇಳದ ಕಾರ್ಮಿಕನ ದುಡ್ಡೂ ಹೀಗೆ ಆಗಲೇ ನಿಫ್ಟಿಯಲ್ಲಿದೆ. ಎಸ್‌ಬಿಐನ ನಿಫ್ಟಿ ಇಟಿಎಫ್ ಅಷ್ಟು ದೊಡ್ಡದಾಗಲು ಈ ಹಣವೇ ಮುಖ್ಯ ಕಾರಣ. ಆದರೆ ಪಿಎಫ್ ಹಣ ದಿನವೂ ಕೊಂಡು ಮಾರುವ ಹಣವಲ್ಲ. ಹಾಗಾಗಿ ಗಾತ್ರ ದೊಡ್ಡದಿದ್ದ ಮಾತ್ರಕ್ಕೆ ಪೇಟೆಯಲ್ಲಿ ಕೈ ಬದಲಾಗುವ ಯೂನಿಟ್‌ಗಳೂ ಹೆಚ್ಚೆಂದು ಹೇಳಲಾಗದು. ಅದು ಗೊತ್ತಾಗಬೇಕಾದರೆ ಎನ್‌ಎಸ್‌ಇ ತಾಣದ ಇಟಿಎಫ್ ಪಟ್ಟಿಯಲ್ಲಿ ದಿನದ ವಹಿವಾಟಿನ ಕಾಲಂ ನೋಡಬೇಕು, ಆಮೇಲೆ ಬ್ರೋಕರ್ ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ ತೆರೆಯಬೇಕು. ಕೊಳ್ಳುವವರು 101 ರೂಪಾಯಿ 20 ಪೈಸೆಗೆ ಕೇಳುತ್ತಿದ್ದಾರೆ, ಮಾರುವವರು 103ಕ್ಕಿಂತ ಕೆಳಗಿಳಿದಿಲ್ಲ ಅಂದುಕೊಳ್ಳಿ. ಆ ನಡುವಿನ 1 ರೂಪಾಯಿ 80 ಪೈಸೆ ಯಾವ ಹೋಲಿಕೆಯ ಪಟ್ಟಿಯಲ್ಲೂ ಖರ್ಚೆಂದು ನಮೂದಾಗುವುದಿಲ್ಲ, ನಿಮ್ಮ ಜೇಬಿನಿಂದ ಹೋಗುವುದಂತೂ ಖರೆ.

ಎಲ್ಲಕ್ಕಿಂತ ಮುಖ್ಯವಾದ ಅಂಕಿ ಐ-ಎನ್‌ಎವಿ. ಇಟಿಎಫ್ ಒಳಗಿನ ಷೇರುಗಳ, ಚಿನ್ನದ ಅಥವಾ ಬೆಳ್ಳಿಯ ಆ ಗಳಿಗೆಯ ಮೌಲ್ಯ ಅದು. ನಾನು ಕಾಟಾ ಚೀಟಿ ಎಂದದ್ದು ಇದಕ್ಕೆ. ಷೇರು ಇಟಿಎಫ್‌ಗಳಲ್ಲಿ ಇದು 15 ಸೆಕೆಂಡಿಗಿಂತ ಹಳೆಯದಿರಬಾರದು ಎಂಬುದು ಸೆಬಿಯ ನಿಯಮ. ಇದನ್ನು ನೋಡದೆ ಕೊಂಡರೆ ಏನಾಗುತ್ತದೆ ಎಂಬುದಕ್ಕೆ 2025ರ ಅಕ್ಟೋಬರ್ ಸಾಕ್ಷಿ. ದೀಪಾವಳಿ ಹೊತ್ತಿಗೆ ಬೆಳ್ಳಿಗೆ ಬೇಡಿಕೆ ಉಕ್ಕಿ, ಭೌತಿಕ ಬೆಳ್ಳಿ ಸಾಲದೆ, ಬೆಳ್ಳಿ ಇಟಿಎಫ್‌ಗಳು ಒಳಮೌಲ್ಯಕ್ಕಿಂತ ಶೇ 10ರ ಆಸುಪಾಸು ಹೆಚ್ಚಿನ ಬೆಲೆಗೆ ಮಾರಾಟವಾದವು. ಬೆಳ್ಳಿ ಇಟಿಎಫ್‌ನಲ್ಲಿ ಹಣ ಹೂಡುವ ತಮ್ಮ ಯೋಜನೆಗಳಿಗೆ ಹೊಸ ಹಣ ಪಡೆಯುವುದನ್ನು ಕೆಲವು ಫಂಡ್ ಹೌಸ್‌ಗಳೇ ಆಗ ನಿಲ್ಲಿಸಿದವು. ಅಂಥ ದಿನ 20,000 ರೂಪಾಯಿ ಹಾಕಿದವರ ಪಾಲಿಗೆ ಬಂದ ಬೆಳ್ಳಿ ಸುಮಾರು 18,200 ರೂಪಾಯಿಯದು. ಎರಡು ಇಟಿಎಫ್‌ಗಳ ವಾರ್ಷಿಕ ವೆಚ್ಚದಲ್ಲಿ ಶೇ 0.10ರ ಅಂತರವಿದ್ದರೆ ಅದೇ ಮೊತ್ತಕ್ಕೆ ವರ್ಷಕ್ಕೆ ಆಗುವ ಫರಕು 20 ರೂಪಾಯಿ. ಹೋಲಿಕೆಯ ತಾಣಗಳು ಈ 20 ರೂಪಾಯಿಯನ್ನು ದಪ್ಪ ಅಕ್ಷರದಲ್ಲಿ ತೋರಿಸುತ್ತವೆ, ಆ 1,800 ರೂಪಾಯಿ ಅವುಗಳ ಕಣ್ಣಿಗೇ ಬೀಳುವುದಿಲ್ಲ.

ದುಡಿಯುವವರಿಗೆ ಇಷ್ಟೆಲ್ಲ ಪುಟ ತಿರುವಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಸೋರಿಕೆ ಮತ್ತು ವಹಿವಾಟನ್ನು ಆರಿಸುವಾಗ ಒಮ್ಮೆ ನೋಡಿದರೆ ಸಾಕು. ಪ್ರತಿ ಸಲ ನೋಡಬೇಕಾದದ್ದು ಐ-ಎನ್‌ಎವಿ ಒಂದನ್ನೇ, ಅದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಅದರ ಹತ್ತಿರದ ಬೆಲೆಗೆ ಲಿಮಿಟ್ ಆರ್ಡರ್ ಹಾಕಿದರೆ ಕೆಲಸ ಮುಗಿಯಿತು. ಅದೂ ಆಗದು ಎನ್ನುವವರು ಇಂಡೆಕ್ಸ್ ಫಂಡ್ ಕೊಳ್ಳುವುದು ಮೇಲು. ಅಲ್ಲಿ ದಿನದ ಕೊನೆಯ ಎನ್‌ಎವಿಗೇ ಯೂನಿಟ್ ಸಿಗುತ್ತದೆ, ವೆಚ್ಚ ಚೂರು ಜಾಸ್ತಿಯಾದರೂ ಒಳಮೌಲ್ಯಕ್ಕಿಂತ ಹೆಚ್ಚು ಕೊಡುವ ಪ್ರೀಮಿಯಂನ ಕಾಟವಿಲ್ಲ. ಹೀಗೆ ಹೇಳುವುದರಿಂದ ನನ್ನ ವಾದ ಸೋಲುವುದಿಲ್ಲ. ಕಾಟಾ ನೋಡಲಾಗದವರು ತೂಕ ಮೊದಲೇ ಗೊತ್ತಿರುವ ಕಡೆ ಕೊಳ್ಳುವುದು ಸರಿಯಾದ ಲೆಕ್ಕವೇ.

ವಡ್ಡುವಿನ ಓದುಗರಿಗೆ ಇನ್ನೊಂದು ಪುಟ ಬೇಕು. ನಿಫ್ಟಿ ಮೆಟಲ್ ಸೂಚ್ಯಂಕದ ಮೇಲೂ ಇಟಿಎಫ್‌ಗಳು ಬಂದಿವೆ, ಲೋಹದ ಬೆಲೆ ಏರಿದ ವರ್ಷ ಅವು ಗಳಿಕೆಯ ಪಟ್ಟಿಯ ತುದಿಗೆ ಬಂದು ಕೂರುತ್ತವೆ. ಉಕ್ಕು ನಮಗೆ ಗೊತ್ತಿರುವ ಸರಕು ಎಂಬ ಧೈರ್ಯವೂ ಜೊತೆಗೂಡುತ್ತದೆ. ನಿಫ್ಟಿ ಸೂಚ್ಯಂಕಗಳ ಅಧಿಕೃತ ತಾಣದಲ್ಲಿ ಪ್ರತಿ ಸೂಚ್ಯಂಕಕ್ಕೂ ಒಂದು ಫ್ಯಾಕ್ಟ್‌ಶೀಟ್ ಇದೆ. ಕೊಳ್ಳುವ ಮೊದಲು ಅದನ್ನು ಇಳಿಸಿಕೊಂಡು ಓದಿ. ಮೆಟಲ್ ಸೂಚ್ಯಂಕದಲ್ಲಿರುವುದು 15 ಕಂಪನಿ. ಅವುಗಳಲ್ಲಿ ತೋರಣಗಲ್ಲಿನ ಕಾರ್ಖಾನೆಯ ಜೆಎಸ್‌ಡಬ್ಲ್ಯು ಸ್ಟೀಲ್ ಇದೆ, ದೋಣಿಮಲೈ ಗಣಿ ನಡೆಸುವ ಎನ್‌ಎಂಡಿಸಿ ಇದೆ. ಮನೆಯ ಸಂಬಳ, ಮುಂದಿನ ಕೋಣೆಯ ಬಾಡಿಗೆ, ಸಾಲ ಮಾಡಿ ತಂದ ಲಾರಿಯ ಟ್ರಿಪ್ಪು, ಎಲ್ಲವೂ ಆಗಲೇ ಆ ಎರಡು ಹೆಸರುಗಳ ಮೇಲೆ ನಿಂತಿವೆ. ಉಕ್ಕಿನ ಬೆಲೆ ಬಿದ್ದ ವರ್ಷ ಓವರ್‌ಟೈಮ್ ನಿಲ್ಲುವುದೂ ಆ ಯೂನಿಟ್‌ನ ಬೆಲೆ ಇಳಿಯುವುದೂ ಒಟ್ಟಿಗೇ.