ಸುಲಭದ ನಾಟಕವೆಂಬ ಹಣೆಪಟ್ಟಿ

ಅಮೆರಿಕದ ಯಾವುದಾದರೂ ವಿಶ್ವವಿದ್ಯಾಲಯದ ರಂಗವಿಭಾಗ ಈ ಸಲ ಥಾರ್ನ್‌ಟನ್ ವೈಲ್ಡರನ ‘ಅವರ್ ಟೌನ್’ ಆಡುತ್ತದಂತೆ ಎಂದರೆ ಸಾಕು, ರಂಗಭೂಮಿ ಬಲ್ಲವರ ಮುಖದಲ್ಲಿ ಸಣ್ಣದೊಂದು ನಗೆ ಸುಳಿಯುತ್ತದೆ. ಕೈಯಲ್ಲಿ ದುಡ್ಡಿಲ್ಲ, ಅದಕ್ಕೇ ಸೆಟ್ ಬೇಡದ ನಾಟಕ. ಪಾತ್ರಗಳು ರಾಶಿ ಇವೆ, ಯಾವ ವಿದ್ಯಾರ್ಥಿಗೂ ಇಲ್ಲ ಎನ್ನಬೇಕಿಲ್ಲ. ಬೈಗುಳವಿಲ್ಲ, ರಾಜಕೀಯವಿಲ್ಲ, ಹಳೆಯ ಕಾಲದ ಒಂದು ಒಳ್ಳೆಯ ಊರು, ಯಾರಿಗೂ ನೋವಾಗುವುದಿಲ್ಲ. ಹೀಗೆ ಹೋಗುತ್ತದೆ ವಾದ. ಮೊದಲೆರಡು ಮಾತು ಲೆಕ್ಕಪತ್ರದವು, ಒಪ್ಪೋಣ. ಮೂರನೆಯದು ನಾಟಕವನ್ನು ಓದದೆ ಆಡಿದ ಮಾತು. ವಿಶ್ವವಿದ್ಯಾಲಯವೊಂದು ತನ್ನದೇ ವೇದಿಕೆಯ ಮೇಲೆ ತನ್ನನ್ನೇ ಇರಿಸುಮುರಿಸಿಗೆ ಒಡ್ಡಿಕೊಳ್ಳಬೇಕೆಂದರೆ ಇದಕ್ಕಿಂತ ಮೊನಚಾದ ಅಮೆರಿಕನ್ ನಾಟಕ ನನಗೆ ಕಾಣುವುದಿಲ್ಲ.

ನಾಟಕ ಮೊದಲು ಆಡಿದ್ದೇ ವಿದ್ಯಾರ್ಥಿಗಳ ನೆರಳಿನಲ್ಲಿ. 1938ರ ಜನವರಿ 22ರಂದು ಪ್ರಿನ್ಸ್‌ಟನ್ನಿನ ಮೆಕಾರ್ಟರ್ ಥಿಯೇಟರಿನಲ್ಲಿ ಅದರ ಮೊದಲ ಪ್ರದರ್ಶನ. ಆ ರಂಗಮಂದಿರವನ್ನು 1930ರ ಹೊತ್ತಿಗೆ ಕಟ್ಟಿದ್ದು ಅಲ್ಲಿಯ ವಿದ್ಯಾರ್ಥಿ ತಂಡವಾದ ಟ್ರಯಾಂಗಲ್ ಕ್ಲಬ್ಬಿಗಾಗಿ. ವೈಲ್ಡರ್ ಸ್ವತಃ ಪ್ರಿನ್ಸ್‌ಟನ್ನಿನಲ್ಲಿ ಎಂ.ಎ. ಮಾಡಿದವನು, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಪಾಠ ಹೇಳಿದವನು. ತರಗತಿ, ಪದವಿ, ವಿದ್ಯಾರ್ಥಿವೇತನ ಇವುಗಳ ಒಳಗುಟ್ಟು ಅವನಿಗೆ ಗೊತ್ತಿತ್ತು. ಅದು ನಾಟಕದಲ್ಲಿ ಕಾಣುತ್ತದೆ, ಹುಡುಕಿ ನೋಡಿದರೆ.

ನ್ಯೂ ಹ್ಯಾಂಪ್‌ಶೈರಿನ ಗ್ರೋವರ್ಸ್ ಕಾರ್ನರ್ಸ್ ಎಂಬ ಕಲ್ಪಿತ ಊರು. 1901ರ ಒಂದು ದಿನ, 1904ರ ಒಂದು ಮದುವೆ, 1913ರ ಒಂದು ಶವಸಂಸ್ಕಾರ. ಮೊದಲ ಅಂಕದಲ್ಲಿ ಪೇಪರ್ ಹಾಕುವ ಹುಡುಗ ಜೋ ಕ್ರೋವೆಲ್ ಬರುತ್ತಾನೆ. ಅವನು ಅತ್ತ ಹೋಗುತ್ತಿದ್ದಂತೆ ‘ಸ್ಟೇಜ್ ಮ್ಯಾನೇಜರ್’ ಎಂಬ ಸೂತ್ರಧಾರ ನಮಗೆ ಅವನ ಮುಂದಿನ ಕಥೆ ಹೇಳಿಬಿಡುತ್ತಾನೆ. ಶಾಲೆಯಲ್ಲಿ ಮೊದಲಿಗ, ವಿದ್ಯಾರ್ಥಿವೇತನ ಪಡೆದು ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಗೆ ಹೋದ, ಅಲ್ಲೂ ಮೊದಲಿಗ, ದೊಡ್ಡ ಎಂಜಿನಿಯರ್ ಆಗಬೇಕಿದ್ದವನು, ಯುದ್ಧದಲ್ಲಿ ಫ್ರಾನ್ಸಿನಲ್ಲಿ ಸತ್ತ. ಅಷ್ಟೂ ಓದು ವ್ಯರ್ಥವಾಯಿತು ಎಂದು ಸೂತ್ರಧಾರ ಒಂದೇ ಉಸಿರಿನಲ್ಲಿ ಮುಗಿಸಿ ಹಾಲಿನವನ ಕಡೆ ತಿರುಗುತ್ತಾನೆ. ಶುಲ್ಕಕ್ಕೆ ಸಾಲ ಮಾಡಿ ಕೂತ ಇಪ್ಪತ್ತರ ಹರೆಯದವರ ಮುಂದೆ, ಅದೇ ವಯಸ್ಸಿನವನೊಬ್ಬ ನಿಂತು ಹೇಳುವ ಮಾತಿದು. ಯಾರಿಗೂ ನೋವಾಗದ ನಾಟಕವಂತೆ!

ಇನ್ನು ಜಾರ್ಜ್ ಗಿಬ್ಸ್. ಕೃಷಿ ಕಾಲೇಜಿಗೆ ಹೋಗಬೇಕಾದವನು, ಎಮಿಲಿ ವೆಬ್ ಜೊತೆ ಸೋಡಾ ಅಂಗಡಿಯಲ್ಲಿ ಕೂತು, ಹೋಗುವುದಿಲ್ಲ ಎಂದು ತೀರ್ಮಾನಿಸುತ್ತಾನೆ. ಈ ದೃಶ್ಯವನ್ನು ಸಾಮಾನ್ಯವಾಗಿ ಮುದ್ದಾದ ಪ್ರೇಮಪ್ರಸಂಗವಾಗಿ ಆಡುತ್ತಾರೆ, ಪ್ರೇಕ್ಷಕರೂ ಹಾಗೇ ನಗುತ್ತಾರೆ. ಆದರೆ ಎಮಿಲಿಯ ಕಡೆಯಿಂದ ನೋಡಿ. ಜಾರ್ಜನಿಗೆ ಲೆಕ್ಕ ಬಿಡಿಸಲು ಸುಳಿವು ಕೊಟ್ಟವಳು ಅವಳು. ತರಗತಿಯಲ್ಲಿ ಸರಾಗವಾಗಿ ಮಾತಾಡಿ ಬಂದು, ಬದುಕಿಡೀ ಭಾಷಣ ಮಾಡುತ್ತೇನೆ ಎಂದು ಅಮ್ಮನ ಮುಂದೆ ಹಿಗ್ಗಿದವಳು ಅವಳು. ಅವಳು ಕಾಲೇಜಿಗೆ ಹೋಗಬಹುದೇ ಎಂಬ ಪ್ರಶ್ನೆಯನ್ನು ಇಡೀ ಊರಿನಲ್ಲಿ ಯಾರೂ ಎತ್ತುವುದಿಲ್ಲ. ಇಪ್ಪತ್ತಾರಕ್ಕೆ, ಎರಡನೆಯ ಹೆರಿಗೆಯಲ್ಲಿ ಸಾಯುತ್ತಾಳೆ. ವೈಲ್ಡರ್ ಇದನ್ನು ಬೆಟ್ಟು ಮಾಡಿ ತೋರಿಸುವುದಿಲ್ಲ. ಆ ಮೌನವನ್ನು ಕೇಳಿಸುವಂತೆ ಮಾಡುವುದು ನಿರ್ದೇಶಕರ ಕೆಲಸ. ಮುತ್ತಿನಂಥ ಜೋಡಿ ಎಂದು ತೋರಿಸಿ ಕೈತೊಳೆದುಕೊಳ್ಳುವವರು ತಮ್ಮ ಸೋಲಿಗೆ ನಾಟಕವನ್ನು ದೂರಬಾರದು.

ಹಳೆಯ ಕಾಲದ ಒಳ್ಳೆಯ ಊರು ಎಂಬ ಮಾತಿಗೂ ಪಠ್ಯದಲ್ಲಿ ಆಧಾರ ಕಡಿಮೆ. ಚರ್ಚಿನ ಗಾಯಕವೃಂದ ನಡೆಸುವ ಸೈಮನ್ ಸ್ಟಿಮ್ಸನ್ ಕುಡಿದು ಕುಡಿದು ಕೊನೆಗೆ ನೇಣು ಹಾಕಿಕೊಳ್ಳುತ್ತಾನೆ; ಊರು ಅವನ ಬಗ್ಗೆ ಪಿಸುಗುಟ್ಟುತ್ತದೆಯೇ ಹೊರತು ಕೈಹಿಡಿಯುವುದಿಲ್ಲ. ಊರಿನ ಅಸಮಾನತೆಯ ಬಗ್ಗೆ ಪ್ರೇಕ್ಷಕರ ನಡುವಿನಿಂದ ಒಬ್ಬ ಪ್ರಶ್ನೆ ಕೇಳಿದರೆ ಸಂಪಾದಕ ವೆಬ್ ಜಾರಿಕೊಳ್ಳುವ ಉತ್ತರ ಕೊಡುತ್ತಾನೆ. ಊರೆಲ್ಲ ಬಿಳಿಯ ಪ್ರಾಟೆಸ್ಟೆಂಟರೇ, ಇಂದಿನ ಕ್ಯಾಂಪಸ್ಸಿಗೆ ಇದೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ರೈಲುಹಳಿಯ ಆಚೆಗೆ ಪೋಲಿಷ್ ಕೇರಿ ಇದೆ ಎಂದು ನಾಟಕವೇ ಹೇಳುತ್ತದೆ. ವಿಶ್ವವಿದ್ಯಾಲಯದಿಂದ ಬಂದ ಪ್ರೊಫೆಸರ್ ವಿಲರ್ಡ್ ಕಲ್ಲುಬಂಡೆಗಳ ವಯಸ್ಸನ್ನು ಸಡಗರದಿಂದ ಬಣ್ಣಿಸುವವನು, ಆ ನೆಲದ ಮೂಲನಿವಾಸಿಗಳು ಇಲ್ಲವಾದ ಸಂಗತಿಯನ್ನು ಟಿಪ್ಪಣಿ ಓದುವಂತೆ ಓದಿ ಮುಂದೆ ಹೋಗುತ್ತಾನೆ. ಅವನನ್ನು ಬರೀ ನಗೆಗೆ ಇಟ್ಟುಕೊಂಡರೆ ಆ ಕ್ರೌರ್ಯ ಯಾರಿಗೂ ತಟ್ಟುವುದಿಲ್ಲ. ವೇದಿಕೆಯ ಮೇಲಿರುವುದು ಪ್ರೊಫೆಸರ್, ಕೆಳಗೆ ಮುಂದಿನ ಸಾಲಿನಲ್ಲಿ ಕೂತಿರುವವರೂ ಪ್ರೊಫೆಸರ್‌ಗಳೇ!

ಖಾಲಿ ವೇದಿಕೆ ಉಳಿತಾಯದ ಉಪಾಯವೂ ಅಲ್ಲ. ಬಾಲ್ಯದಲ್ಲಿ ಕೆಲಕಾಲ ಚೀನಾದಲ್ಲಿದ್ದ ವೈಲ್ಡರ್, ಕೋಲೊಂದನ್ನು ಕಾಲ ನಡುವೆ ಇಟ್ಟು ಕುದುರೆ ಸವಾರನಾಗುವ ಚೀನೀ ನಟನ ಬಗ್ಗೆ ಮುಂದೆ ತನ್ನ ನಾಟಕಗಳ ಮುನ್ನುಡಿಯಲ್ಲಿ ಬರೆದ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮೇಜು, ಕೆಲವು ಕುರ್ಚಿ, ಎರಡು ಏಣಿ. ಒಲೆ ಇಲ್ಲದೆ ಅಡುಗೆ, ಹುರುಳಿಕಾಯಿ ಇಲ್ಲದೆ ನಾರು ಬಿಡಿಸುವುದು. ಇಲ್ಲದ ಹಾಲಿನ ಬಾಟಲಿಗೆ ಭಾರ ಕೊಡಲಾಗದ ನಟನಿಗೆ ಅಡಗಿಕೊಳ್ಳಲು ಅಲ್ಲೊಂದು ಬಾಗಿಲೂ ಇಲ್ಲ. ಸೆಟ್ಟಿನ ದುಡ್ಡು ಉಳಿದಿದ್ದರೆ ಅದನ್ನು ತಾಲೀಮಿನ ದಿನಗಳಿಗೆ ಹಾಕಬೇಕಾಗುತ್ತದೆ.

ಮೂರನೆಯ ಅಂಕದಲ್ಲಿ ಸತ್ತವರು ಕುರ್ಚಿಗಳ ಮೇಲೆ ಕೂತಿರುತ್ತಾರೆ. ಅವರ ಮಾತಿನಲ್ಲಿ ಗೋಳು ಇರಕೂಡದು, ಭಾವುಕತೆ ಇರಕೂಡದು ಎಂದು ವೈಲ್ಡರ್ ರಂಗಸೂಚನೆಯಲ್ಲೇ ಬರೆದಿದ್ದಾನೆ. ಇದನ್ನು ಮೀರಿ ಪಿಟೀಲು ನುಡಿಸಿ, ನೀಲಿ ಬೆಳಕು ಚೆಲ್ಲುವ ಚಪಲ ಮಾತ್ರ ಹೋಗುವುದಿಲ್ಲ. 2009ರಲ್ಲಿ ನ್ಯೂಯಾರ್ಕಿನ ಬ್ಯಾರೋ ಸ್ಟ್ರೀಟ್ ಥಿಯೇಟರಿನಲ್ಲಿ ಡೇವಿಡ್ ಕ್ರೋಮರ್ ಮಾಡಿದ ಪ್ರಯೋಗದ ಬಗ್ಗೆ ಎಲ್ಲರೂ ಹೇಳುವುದು ಕೊನೆಗೆ ಪರದೆ ಸರಿದು ನಿಜವಾದ ಅಡುಗೆಮನೆ ಕಂಡದ್ದು, ಬಾಣಲೆಯಲ್ಲಿ ಬೇಕನ್ ಹುರಿದ ವಾಸನೆ ಬಂದದ್ದು. ಆ ವಾಸನೆಗೆ ಬಲ ಬಂದದ್ದು ಅದಕ್ಕೂ ಮುಂಚಿನ ಒಣ, ನೇರ ಮಾತುಗಾರಿಕೆಯಿಂದ. ಬೇಕನ್ ಯಾರು ಬೇಕಾದರೂ ಹುರಿದಾರು. ಕಷ್ಟ ಇರುವುದು ಆ ಮಾತಿನಲ್ಲಿ.

ಸೂತ್ರಧಾರನಿಗೆ ಪೈಪ್ ಕೊಟ್ಟು ಪ್ರೀತಿಯ ತಾತನನ್ನಾಗಿ ಮಾಡುವ ರೂಢಿಯೂ ಬೇಡ. ಇಪ್ಪತ್ತರ ಹುಡುಗಿಯೊಬ್ಬಳು ಅಂಟಿಸಿದ ಮೀಸೆಯಿಲ್ಲದೆ, ತನ್ನದೇ ದನಿಯಲ್ಲಿ ಆ ಸಾವುಗಳ ಸುದ್ದಿ ಹೇಳಿದರೆ ಅದು ವೃತ್ತಿರಂಗಭೂಮಿಯ ಯಾವ ಹಿರಿಯ ನಟನಿಗೂ ದಕ್ಕದ ಅನುಭವ.

ನಿಜಕ್ಕೂ ನಿರಪಾಯಕಾರಿಯಾದ ‘ಅವರ್ ಟೌನ್’ ಬೇಕು ಎನ್ನುವವರಿಗೆ 1940ರ ಚಲನಚಿತ್ರ ಇದ್ದೇ ಇದೆ. ಬ್ರಾಡ್‌ವೇಯಲ್ಲಿ ಎಮಿಲಿಯಾಗಿ ಸತ್ತ ಮಾರ್ಥಾ ಸ್ಕಾಟ್ ಅದರಲ್ಲೂ ಎಮಿಲಿಯೇ. ಆದರೆ ಅಲ್ಲಿ ಸ್ಮಶಾನವೆಲ್ಲ ಕನಸು, ಎಮಿಲಿ ಬದುಕಿಕೊಳ್ಳುತ್ತಾಳೆ. ವೈಲ್ಡರನೂ ಅದಕ್ಕೆ ಒಪ್ಪಿಗೆ ಕೊಟ್ಟಿದ್ದ.