ಗುಂಪು ಸೆಮಿನಾರ್: ಅಳೆಯುವುದು ಹೆಚ್ಚು, ಕಲಿಸುವುದು ಕಡಿಮೆ

ವಿದ್ಯಾರ್ಥಿಗಳಲ್ಲಿ ವಿಷಯ ಮಂಡಿಸುವ ಶಕ್ತಿಯನ್ನೂ ಕೂಡಿ ಕೆಲಸ ಮಾಡುವ ಗುಣವನ್ನೂ ಬೆಳೆಸಲು ಪದವಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಮುಖ್ಯವಾಗಿ ನೆಚ್ಚಿಕೊಂಡಿರುವುದು ಗುಂಪು ಸೆಮಿನಾರನ್ನು. ನಾಲ್ಕೈದು ಜನರ ತಂಡಕ್ಕೆ ಒಂದು ವಿಷಯ ಕೊಡಲಾಗುತ್ತದೆ. ತಂಡ ಪಿಪಿಟಿ ಮಾಡಿಕೊಂಡು ಬಂದು ತರಗತಿಯ ಮುಂದೆ ಮಾತಾಡುತ್ತದೆ. ಅಧ್ಯಾಪಕರು ಒಂದೆರಡು ಪ್ರಶ್ನೆ ಕೇಳಿ ಆಂತರಿಕ ಅಂಕ ಹಾಕುತ್ತಾರೆ. ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಪದವೀಧರರಲ್ಲಿ ಇರಬೇಕೆನ್ನುವ ಗುಣಗಳಲ್ಲಿ ತಂಡದ ಕೆಲಸವೂ ಸಂವಹನವೂ ಸೇರಿವೆ. ಹಾಗಾಗಿ ಈ ಪದ್ಧತಿಯ ಫಲವೇನೆಂದು ನೋಡುವುದು ಅಗತ್ಯ. ಈಗ ನಡೆಯುತ್ತಿರುವ ರೂಪದಲ್ಲಿ ಗುಂಪು ಸೆಮಿನಾರ್ ವಿದ್ಯಾರ್ಥಿಯಲ್ಲಿ ಮೊದಲೇ ಇರುವ ಸಾಮರ್ಥ್ಯವನ್ನು ಅಳೆಯುತ್ತದೆ. ಇಲ್ಲದ್ದನ್ನು ಕಲಿಸುವುದು ತೀರ ಕಡಿಮೆ.

ಪದ್ಧತಿಯ ಗುಣವನ್ನು ಮೊದಲು ಒಪ್ಪಬೇಕು. ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ಅರವತ್ತು ಜನರೆದುರು ನಿಂತು ಮಾತಾಡುವ ಅವಕಾಶ ಬೇರೆಡೆ ಸಿಗುವುದು ಅಪರೂಪ. ಸಹಪಾಠಿ ಎದ್ದು ಪ್ರಶ್ನೆ ಕೇಳಬಹುದೆಂಬ ಅರಿವೇ ಓದನ್ನು ಬಿಗಿಗೊಳಿಸುತ್ತದೆ. ಮುಂದೆ ಪ್ರಾಜೆಕ್ಟ್ ವೈವಾದಲ್ಲಿ, ಕೆಲಸದ ಸಂದರ್ಶನದಲ್ಲಿ ಬೇಕಾಗುವ ಧೈರ್ಯಕ್ಕೆ ಇಲ್ಲಿ ಬುನಾದಿ ಬೀಳಬಲ್ಲದು.

ಮೊದಲ ಕೊರತೆ ಇರುವುದು ತಂಡದ ಕೆಲಸದಲ್ಲಿ. ಸಾಮಾನ್ಯವಾಗಿ ಒಬ್ಬರು ಮಾಹಿತಿ ಹುಡುಕುತ್ತಾರೆ, ಇನ್ನೊಬ್ಬರು ಸ್ಲೈಡ್ ಮಾಡುತ್ತಾರೆ, ಉಳಿದವರು ತಮ್ಮ ಪಾಲಿನ ಸ್ಲೈಡನ್ನು ಹಿಂದಿನ ರಾತ್ರಿ ಬಾಯಿಪಾಠ ಮಾಡುತ್ತಾರೆ. ಅಂಕ ಮಾತ್ರ ಎಲ್ಲರಿಗೂ ಒಂದೇ. ಇದನ್ನು ಸೋಮಾರಿತನವೆಂದು ಬೈದರೆ ಸಾಲದು. ಕಾರಣ ವ್ಯವಸ್ಥೆಯಲ್ಲೇ ಇದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗಗಳಲ್ಲಿ ಗುಂಪು ದೊಡ್ಡದಾದಂತೆ ತಲಾ ಹಾಕುವ ಬಲ ಇಳಿಯುತ್ತ ಹೋಯಿತು. 1979ರಲ್ಲಿ ಮನೋವಿಜ್ಞಾನಿ ಬಿಬ್ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ತಟ್ಟುವ, ಕೂಗುವ ಪ್ರಯೋಗಗಳಲ್ಲಿ ಇದೇ ಇಳಿಕೆಯನ್ನು ಕಂಡರು. ಅದೇ ಸಂಶೋಧಕರು 1981ರಲ್ಲಿ, ಪ್ರತಿಯೊಬ್ಬರ ಪಾಲು ಬೇರೆಯಾಗಿ ಗುರುತಾಗುತ್ತದೆಂದು ತಿಳಿದಾಗ ಜನ ಹಿಂಜರಿಯದೆ ಶ್ರಮ ಹಾಕುತ್ತಾರೆಂದು ತೋರಿಸಿದರು. ಎಲ್ಲರಿಗೂ ಒಂದೇ ಅಂಕ ಕೊಡುವ ಸೆಮಿನಾರಿನಲ್ಲಿ ಈ ಗುರುತೇ ಅಳಿಸಿಹೋಗುತ್ತದೆ.

ಎರಡನೆಯ ಕೊರತೆ ವಿಷಯದ ಆಯ್ಕೆಯದು. ವಾಣಿಜ್ಯ ತರಗತಿಯ ತಂಡಕ್ಕೆ ‘ಸಹಕಾರ ಚಳವಳಿ’ ಎಂದಷ್ಟೇ ಹೇಳಿದರೆ ವ್ಯಾಖ್ಯೆ, ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ಸಂಗತಿ, ಲಾಭ–ನಷ್ಟಗಳ ಪಟ್ಟಿ ಇವಿಷ್ಟೂ ಅಂತರ್ಜಾಲದಿಂದ ಸ್ಲೈಡಿಗೆ ಇಳಿಯುತ್ತವೆ. ಇದಕ್ಕೆ ಒಬ್ಬರೇ ಸಾಕು. ಬದಲಿಗೆ, ಊರಿನ ಹಾಲು ಉತ್ಪಾದಕರ ಸಂಘವು ಉಳಿದ ಹಣವನ್ನು ಸದಸ್ಯರಿಗೆ ಬೋನಸ್ ಆಗಿ ಹಂಚಬೇಕೇ, ಹಾಲು ತಂಪಾಗಿಡುವ ಘಟಕಕ್ಕೆ ಹಾಕಬೇಕೇ ಎಂದು ಕೇಳಿದರೆ ಒಬ್ಬರು ಲೆಕ್ಕಪತ್ರ ಓದಬೇಕು, ಒಬ್ಬರು ಬೈಲಾ ನೋಡಬೇಕು, ಒಬ್ಬರು ಸದಸ್ಯರನ್ನು ಮಾತಾಡಿಸಬೇಕು. ಕೊನೆಗೆ ಎಲ್ಲರೂ ಕೂತು ವಾದಿಸಿ ಒಂದು ತೀರ್ಮಾನಕ್ಕೆ ಬರಬೇಕು. ತಂಡದ ಅಗತ್ಯ ಹುಟ್ಟುವುದು ಅಲ್ಲಿ.

ಮೂರನೆಯದು ಮಂಡನೆಯ ಕೊರತೆ. ಪರದೆಯ ಮೇಲಿನ ಸಾಲುಗಳನ್ನೇ ಗಟ್ಟಿಯಾಗಿ ಓದುವುದನ್ನು ಮಂಡನೆ ಎನ್ನಲಾಗದು. ಒಂದೇ ಮಾತನ್ನು ಕಣ್ಣು, ಕಿವಿ ಎರಡಕ್ಕೂ ಒಟ್ಟಿಗೆ ಒಡ್ಡಿದರೆ ಗ್ರಹಿಕೆ ಕುಗ್ಗಬಹುದೆಂದು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಅಧ್ಯಯನಗಳು ತಿಳಿಸುತ್ತವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ಒತ್ತಡವಿದ್ದರೆ ಸ್ಲೈಡೇ ಊರುಗೋಲಾಗುತ್ತದೆ; ವಿಷಯ ಗೊತ್ತಿದ್ದವರೂ ಬಾಯಿಪಾಠಕ್ಕೆ ಇಳಿಯುತ್ತಾರೆ. ಸೆಮಿಸ್ಟರಿಗೆ ಒಂದೇ ಸಲ ಮಂಡಿಸಿದರೆ, ಅಧ್ಯಾಪಕರು ಹೇಳಿದ ತಿದ್ದುಪಡಿಯನ್ನು ಮಾಡಿ ನೋಡಲು ಎರಡನೆಯ ಅವಕಾಶವೇ ಇರುವುದಿಲ್ಲ.

ಈ ಕೊರತೆಗಳಿಗೆ ಉತ್ತರ ಕೊಡಬಲ್ಲ ಪದ್ಧತಿಗಳು ಬಹುಕಾಲದಿಂದ ಇವೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ರೂಪಿಸಿದ ‘ಜಿಗ್ಸಾ’ ಕ್ರಮದಲ್ಲಿ ಪಾಠದ ಒಂದೊಂದು ಭಾಗ ಒಬ್ಬೊಬ್ಬರ ಕೈಯಲ್ಲಿ ಮಾತ್ರ ಇರುತ್ತದೆ. ಒಬ್ಬರಿಗೊಬ್ಬರು ಕಲಿಸದೆ ಪಾಠ ಪೂರ್ತಿಯಾಗದು. 1970ರ ದಶಕದ ಕೊನೆಯಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಲ್ಯಾರಿ ಮೈಕಲ್ಸನ್ ದೊಡ್ಡ ತರಗತಿಗಾಗಿಯೇ ಬೆಳೆಸಿದ ತಂಡಾಧಾರಿತ ಕಲಿಕೆಯಲ್ಲಿ ವಿದ್ಯಾರ್ಥಿಗಳು ಮೊದಲು ಒಂಟಿಯಾಗಿ ಪರೀಕ್ಷೆ ಬರೆಯುತ್ತಾರೆ, ಬಳಿಕ ಅದೇ ಪ್ರಶ್ನೆಗಳಿಗೆ ತಂಡವಾಗಿ ಉತ್ತರಿಸುತ್ತಾರೆ. ಆಮೇಲೆ ಎಲ್ಲ ತಂಡಗಳೂ ಒಂದೇ ಸಮಸ್ಯೆಗೆ ತಮ್ಮ ಆಯ್ಕೆಯನ್ನು ಒಟ್ಟಿಗೆ ತಿಳಿಸಿ ಸಮರ್ಥಿಸುತ್ತವೆ. ಪರಸ್ಪರ ಅವಲಂಬನೆ, ವೈಯಕ್ತಿಕ ಹೊಣೆ ಇವೆರಡನ್ನೂ ಒಟ್ಟಿಗೆ ಕಟ್ಟಿರುವುದೇ ಇವುಗಳ ಶಕ್ತಿ.

ಇಲ್ಲಿನ ತರಗತಿಗೆ ಈ ತತ್ವಗಳನ್ನು ಅಳವಡಿಸುವುದು ಕಷ್ಟವಲ್ಲ. ಅರವತ್ತು ಜನರ ತರಗತಿಯಲ್ಲಿ ಐವರ ಹನ್ನೆರಡು ತಂಡಗಳಾಗುತ್ತವೆ. ತಂಡಕ್ಕೆ ಹದಿನೈದು ನಿಮಿಷ ಕೊಟ್ಟರೆ ಮೂರು ಗಂಟೆ ಬೇಕು. ಐದೈದು ನಿಮಿಷದ ಎರಡು ಸುತ್ತು ನಡೆಸಿದರೆ ಮಾತಿಗೆ ಹಿಡಿಯುವುದು ಎರಡೇ ಗಂಟೆ. ನಡುವಿನ ವಾರ ತಿದ್ದುಪಡಿಗೆ ಉಳಿಯುತ್ತದೆ. ಮಾತಾಡುವವರನ್ನು ಆ ದಿನವೇ ಚೀಟಿ ಎತ್ತಿ ಆರಿಸಿದರೆ ಎಲ್ಲರೂ ಪೂರ್ತಿ ವಿಷಯ ತಿಳಿದಿರಲೇಬೇಕಾಗುತ್ತದೆ. ಅಂಕದ ಒಂದು ಪಾಲು ಪ್ರತಿಯೊಬ್ಬರ ಸಣ್ಣ ಬರಹಕ್ಕೆ ಸಲ್ಲಬೇಕು. ಮೊದಲ ಸುತ್ತಿನಲ್ಲಿ ಕನ್ನಡದಲ್ಲಿ ಮಾತಾಡಲು ಬಿಟ್ಟರೆ ವಿಚಾರ ಗಟ್ಟಿಯಾದ ಮೇಲೆ ಭಾಷೆಯ ಕಡೆ ಗಮನ ಹರಿಸಬಹುದು.

ಇದಕ್ಕೂ ಮಿತಿಗಳಿವೆ. ಒಳ್ಳೆಯ ಸಮಸ್ಯೆ ರೂಪಿಸಲು ಅಧ್ಯಾಪಕರಿಗೆ ಸಮಯ ಬೇಕು. ತೊದಲುವ, ವಿಪರೀತ ಅಂಜುವ ವಿದ್ಯಾರ್ಥಿಗೆ ಚೀಟಿ ಪದ್ಧತಿ ಕಠೋರವಾಗಬಹುದು. ಅಂಥವರನ್ನು ಮೊದಲು ಚಿಕ್ಕ ಗುಂಪಿನಲ್ಲಿ ಮಾತಾಡಿಸಿ ಸಿದ್ಧಗೊಳಿಸಬೇಕು. ತಂಡದಲ್ಲಿ ಯಾರ ಪಾಲು ಎಷ್ಟೆಂದು ತಿಳಿಯಲು ಸ್ನೇಹಿತರಿಂದಲೇ ಪರಸ್ಪರ ಅಂಕ ಕೊಡಿಸಿದರೆ ಪಕ್ಷಪಾತ ನುಸುಳುತ್ತದೆ. ಅಂಕದ ಬದಲು ಕಾರಣಸಹಿತ ಅಭಿಪ್ರಾಯ ಬರೆಸುವುದು ಮೇಲು. ಇಷ್ಟೆಲ್ಲ ಹೇಳಿದ ಮೇಲೂ ಗುಂಪು ಸೆಮಿನಾರನ್ನು ಕೈಬಿಡಲು ಕಾರಣವಿಲ್ಲ. ಪ್ರಶ್ನೆ, ಅಂಕ ಹಂಚಿಕೆ, ಸುತ್ತುಗಳ ಸಂಖ್ಯೆ ಈ ಮೂರನ್ನು ಬದಲಿಸಿದರೆ, ಅಂಕಪಟ್ಟಿ ತುಂಬುವ ಕ್ರಮವಾಗಿ ಉಳಿದಿರುವ ಈ ಪದ್ಧತಿಯೇ ಮಾತನ್ನೂ ಸಹಕಾರವನ್ನೂ ಕಲಿಸುವ ಪಾಠವಾಗಬಲ್ಲದು.